ಮೊದಲು ಬುಡ ಬಿಡಿಸಿ, ಆಮೇಲೆ ಸಸಿ ನೆಡಿ

ಅಂಗಡಿ ಮುಂದಿನ ಹೊಂಗೆಮರ ಅಂಗಡಿಯವರದಲ್ಲ. ಬೋರ್ಡು ಕಾಣಲೆಂದು ಅದರ ಕೊಂಬೆ ಕಡಿಸುವ, ಕಾರು ನಿಲ್ಲಿಸಲೆಂದು ಬುಡಕ್ಕೆ ಕಾಂಕ್ರೀಟ್ ಸುರಿಯುವ ಹಕ್ಕು ಯಾರಿಗೂ ಇಲ್ಲ. ಅಜ್ಜಂಪುರ ಇದನ್ನು ಇಷ್ಟು ದಿನ ಸಹಿಸಿದ್ದೇ ತಪ್ಪು.

ಚಿಕ್ಕಮಗಳೂರಿನಂಥ ಮಲೆನಾಡಿನ ಜಿಲ್ಲೆಯಲ್ಲಿ ಮರಕ್ಕೇನು ಬರ ಎನ್ನುವವರಿದ್ದಾರೆ. ಆದರೆ ಗಿರಿಸಾಲಿಗೆ ಸುರಿಯುವ ಮಳೆ ನಮ್ಮತನಕ ಬರುವುದಿಲ್ಲ. ಕಡೂರಿನಂತೆ ಅಜ್ಜಂಪುರದ್ದೂ ಬಯಲುಸೀಮೆಯ ಬಿಸಿಲು. ಇಲ್ಲಿ ಒಂದು ಬೇವು ನಾಲ್ಕು ಜನರಿಗೆ ನೆರಳಾಗಬೇಕಾದರೆ ಹತ್ತಾರು ಬೇಸಿಗೆ ದಾಟಿರಬೇಕು. ಈರುಳ್ಳಿ ಚೀಲ ಇಳಿಸಿ ಲಾರಿಗೆ ಕಾಯುವ ರೈತನಿಗೆ, ಬಸ್ಸಿಗೆ ನಿಂತ ಬಸುರಿಗೆ ಏಪ್ರಿಲ್ ತಿಂಗಳಲ್ಲಿ ಆ ನೆರಳು ಬಿಟ್ಟರೆ ಬೇರೆ ಆಸರೆಯಿಲ್ಲ.

ರಸ್ತೆಬದಿಯ ಒಂದು ಮರದ ಹತ್ತಿರ ಹೋಗಿ ನಿಂತು ನೋಡಿ. ಕಾಂಡಕ್ಕೆ ಹೊಡೆದ ಮೊಳೆಗಳ ಸುತ್ತ ತೊಗಟೆ ಉಬ್ಬಿ, ತುಕ್ಕಿನ ಕಂದು ಗೆರೆ ಕೆಳಗಿಳಿದಿರುತ್ತದೆ. ಯಾವತ್ತೋ ಕಟ್ಟಿದ ಫ್ಲೆಕ್ಸಿನ ತಂತಿ ತೊಗಟೆಯೊಳಗೇ ಹೂತಿರುತ್ತದೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಆ ತೊಗಟೆಯ ಒಳಪದರದಲ್ಲೇ. ತಂತಿ ಬಿಗಿದಷ್ಟೂ ಬೇರು ಉಪವಾಸ ಬೀಳುತ್ತದೆ. ಬುಡದಲ್ಲಿ ಅಂಗೈಯಗಲ ಮಣ್ಣಿಲ್ಲ, ನೀರು ಎಲ್ಲಿ ಇಂಗಬೇಕು, ಬೇರು ಎಲ್ಲಿ ಉಸಿರಾಡಬೇಕು? ಮೇಲೆ ವಿದ್ಯುತ್ ತಂತಿಯಿರುವ ಕಡೆಯ ಕೊಂಬೆಗಳನ್ನಷ್ಟೇ ಸವರಿ ಮರವನ್ನು ಒಂದು ಮಗ್ಗುಲಿಗೆ ವಾಲಿಸುತ್ತಾರೆ. ಮುಂಗಾರಿನ ಗಾಳಿಗೆ ಅದು ಉರುಳಿದರೆ, ‘ಅಪಾಯಕಾರಿ ಮರ’ ಎಂದು ಅಪವಾದ ಮರದ ಮೇಲೇ ಬರುತ್ತದೆ.

ಕಾನೂನಿಗೆ ಕೊರತೆಯಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಪೂರ್ವಾನುಮತಿ ಬೇಕು. ಮರಗಳ ಗಣತಿಯೂ ಆ ಕಾಯ್ದೆ ಹೇಳಿದ ಕೆಲಸವೇ. ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿಯೇ ದೆಹಲಿಗೆ ಆದೇಶಿಸಿದೆ. ಅಕ್ರಮವಾಗಿ ಕಡಿದ 454 ಮರಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರಲ್ಲಿ ಮರವೊಂದಕ್ಕೆ 1 ಲಕ್ಷ ರೂಪಾಯಿ ದಂಡವನ್ನು ಎತ್ತಿಹಿಡಿಯಿತು. ಆದರೂ ಮರಕ್ಕೆ ನೆಮ್ಮದಿಯಿಲ್ಲ. ಹುಲಿಕಲ್–ಕುದೂರು ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ದಂಪತಿ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಆಲದ ಮರಗಳಿಗೂ ರಸ್ತೆ ಅಗಲೀಕರಣದ ಭಯ ತಪ್ಪಲಿಲ್ಲ. ಪದ್ಮಶ್ರೀ ಬಂದ 2019ರಲ್ಲೇ ಆ ಮುದುಕಿ ಮರ ಉಳಿಸಿಕೊಡಿ ಎಂದು ಸರ್ಕಾರದ ಮುಂದೆ ಮೊರೆಯಿಡಬೇಕಾಯಿತು. ತಿಮ್ಮಕ್ಕನಿಗೇ ಹೀಗಾದರೆ ನಮ್ಮ ಬೀದಿಯ ಹೆಸರಿಲ್ಲದ ಹೊಂಗೆಯ ಪರ ಮಾತಾಡುವವರು ಯಾರು?

ಪಟ್ಟಣ ಪಂಚಾಯಿತಿಯೇ ಮಾತಾಡಬೇಕು. ಬೀದಿಬೀದಿಯ ಮರ ಎಣಿಸಿ, ನಂಬರು ಕೊಟ್ಟು, ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಲಿ. ಕಡಿಯಲು ಅರ್ಜಿ ಬಂದರೆ ಯಾವ ಮರ, ಯಾವ ಕಾರಣ ಎಂಬುದೂ ಅದೇ ಗೋಡೆಯ ಮೇಲಿರಲಿ. ಅರಣ್ಯ ಸಿಬ್ಬಂದಿ ಎದುರಿಗಿಲ್ಲದೆ ಯಾರೂ ಕೊಂಬೆ ಮುಟ್ಟಕೂಡದು. ಮೊಳೆ ಹೊಡೆದವರಿಂದಲೇ ಮೊಳೆ ಕೀಳಿಸಬೇಕು, ಬುಡ ಮುಚ್ಚಿದವರ ಖರ್ಚಿನಲ್ಲೇ ಕಾಂಕ್ರೀಟ್ ಒಡೆಸಬೇಕು. ಅಂಗಡಿಯವರು ಪರಿಚಯಸ್ಥರು ಎಂಬ ದಾಕ್ಷಿಣ್ಯ ಇಲ್ಲಿ ನಡೆಯದು.

ಜೂನ್ 5ರ ಪರಿಸರ ದಿನ ಬಂತೆಂದರೆ ಸಸಿ ಹಿಡಿದು ಫೋಟೊಗೆ ನಿಲ್ಲುವವರಿಗೂ ಒಂದು ಷರತ್ತು ಹಾಕಲೇಬೇಕು. ನೆಟ್ಟ ಸಸಿಗೆ ಮೂರು ಬೇಸಿಗೆ ನೀರು ಹಾಕುವ ಹೊಣೆ ಯಾರದೆಂದು ಬೇಲಿಯ ಮೇಲೆ ಬರೆಸಲಿ. ಹೊಣೆ ಹೊರುವವರಿಲ್ಲದಿದ್ದರೆ ಗುಂಡಿ ತೋಡಬೇಡಿ. ಆ ಹಾರೆ, ಗುದ್ದಲಿಯನ್ನು ಹಳೆಯ ಮರಗಳ ಬುಡಕ್ಕೆ ತನ್ನಿ.