ಕ್ಲಬ್ಬಿನ ಪಂದ್ಯಕ್ಕೂ ಉಪವಿಧಿ ಬೇಕು

ನಮ್ಮ ಪತ್ರಿಕೆಯಲ್ಲಿ ಗಾಲ್ಫ್ ಆಟದ ವಿಷಯ ಕಂಡು ಕೆಲವು ಸದಸ್ಯ ಬಂಧುಗಳು ಹುಬ್ಬೇರಿಸಬಹುದು. ಕೊಳೆರೋಗ, ಕಾಂಡಕೊರಕ, ಗೊಬ್ಬರದ ಬೆಲೆ, ಸಾಲದ ಕಂತು ಇವುಗಳ ನಡುವೆ ಇದೆಲ್ಲಿಂದ ಬಂತು ಎಂದು ಕೇಳುವುದು ಸಹಜವೇ. ಆದರೆ ಕಾಫಿ ಸೀಮೆಗೂ ಈ ಆಟಕ್ಕೂ ನಂಟು ಇಲ್ಲದಿಲ್ಲ. ಮಡಿಕೇರಿಯಲ್ಲಿ, ವಿರಾಜಪೇಟೆ ಬಳಿಯ ಬಿಟ್ಟಂಗಾಲದಲ್ಲಿ, ಚಿಕ್ಕಮಗಳೂರಿನಲ್ಲಿ ಗಾಲ್ಫ್ ಮೈದಾನಗಳಿವೆ. ಅಲ್ಲಿ ಆಡುವವರಲ್ಲಿ ಬೆಳೆಗಾರರೂ ಇದ್ದಾರೆ. ತೋಟದ ಮನೆಯ ಮಕ್ಕಳು ಬೆಂಗಳೂರು ಸೇರಿ ಅಲ್ಲಿಯೂ ಆಡುತ್ತಾರೆ. ಅಷ್ಟೇ ಅಲ್ಲ, ನಾನು ಹೇಳಹೊರಟಿರುವ ಮಾತು ಆಟಕ್ಕಿಂತ ಹೆಚ್ಚಾಗಿ ಸಮಿತಿಗಳನ್ನು ಕುರಿತದ್ದು. ಸಮಿತಿ ಎಂದರೇನೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ.

ತೋಟವನ್ನು ಮಗನ ಕೈಗೊಪ್ಪಿಸಿದ ಮೇಲೆ ನಾನು ವರ್ಷದ ಅರ್ಧಭಾಗ ಬಸವನಗುಡಿಯ ಮಗಳ ಮನೆಯಲ್ಲಿರುತ್ತೇನೆ. ಸಂಘದ ಕೆಲಸವಿದ್ದರೆ ಚಾಮರಾಜಪೇಟೆಯ ಅಪೆಕ್ಸ್ ಬ್ಯಾಂಕಿಗೆ ಒಂದು ಸುತ್ತು, ಇಲ್ಲದಿದ್ದರೆ ಗಾಂಧಿಬಜಾರಿನಲ್ಲಿ ಒಂದು ಸುತ್ತು. ಬಂಧುಗಳಿರುವ ಮಲ್ಲೇಶ್ವರಕ್ಕೂ ಆಗಾಗ ಹೋಗುತ್ತೇನೆ. ಅಲ್ಲಿಂದ ಸ್ಯಾಂಕಿ ರಸ್ತೆ ಹಿಡಿದು ಬರುವಾಗ ಹೈಗ್ರೌಂಡ್ಸ್‌ನಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಹಸಿರು ಕಾಣುತ್ತದೆ. ಅದು 1876ರಲ್ಲಿ ಸ್ಥಾಪನೆಯಾದದ್ದು. ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದದ್ದೇ ಅದಾದ ಇಪ್ಪತ್ತು ವರ್ಷಗಳಾಚೆ. ಅಷ್ಟು ಕಾಲದಿಂದ ಒಂದು ಆಟ ಒಂದೂರಿನಲ್ಲಿ ಉಳಿಯಬೇಕಾದರೆ ಹುಲ್ಲು ಮತ್ತು ನೀರು ಮಾತ್ರ ಸಾಲದು. ಸದಸ್ಯರು ವಾರವಾರವೂ ತಿಂಗಳುತಿಂಗಳೂ ತಮ್ಮೊಳಗೇ ಆಡುವ ಪಂದ್ಯಗಳು ನಡೆಯುತ್ತಿರಬೇಕು. ದೊಡ್ಡ ಪಂದ್ಯಾವಳಿ ಪತ್ರಿಕೆಯಲ್ಲಿ ಬರುತ್ತದೆ. ಕ್ಲಬ್ಬನ್ನು ಬದುಕಿಸುವುದು ಮಾತ್ರ ಈ ಚಿಕ್ಕ ಪಂದ್ಯಗಳೇ.

ಈ ಚಿಕ್ಕ ಪಂದ್ಯಗಳನ್ನು ನಾವು ಹೇಗೆ ಕೆಡಿಸುತ್ತೇವೆ ಎಂಬುದಕ್ಕೆ ನನ್ನದೇ ಒಂದು ತಪ್ಪನ್ನು ಮುಂದಿಡುತ್ತೇನೆ. ಕ್ಲಬ್ಬಿನ ಹೆಸರು ಬೇಡ, ಊರೂ ಬೇಡ. ನಾನು ಆಗ ಪಂದ್ಯ ಸಮಿತಿಯ ಮೂವರಲ್ಲಿ ಒಬ್ಬ. ಒಂದು ಭಾನುವಾರದ ಮಾಸಿಕ ಪಂದ್ಯದಲ್ಲಿ ಇಬ್ಬರು ತಲಾ 38 ಅಂಕ ಗಳಿಸಿ ಸಮನಾದರು. ಒಬ್ಬರು ನಮ್ಮ ಹಿರಿಯ ಸದಸ್ಯರು. ಗೆದ್ದವರಿಗೆ ಕೊಡುವ ಕಪ್ಪನ್ನು ದಾನ ಮಾಡಿದವರೂ ಅವರೇ. ಇನ್ನೊಬ್ಬ ಬ್ಯಾಂಕಿನ ಕೆಲಸದ ಮೇಲೆ ನಮ್ಮೂರಿಗೆ ವರ್ಗವಾಗಿ ಬಂದಿದ್ದ ಮಲ್ಲೇಶ್ವರದ ಹುಡುಗ, ಆಟ ಕಲಿತು ಎರಡು ವರ್ಷವಾಗಿತ್ತು. ಸಮನಾದರೆ ಏನು ಮಾಡಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಮೂವರೂ ಒಳಗಿನ ಕೋಣೆಯಲ್ಲಿ ಕಾಫಿ ಕುಡಿಯುತ್ತ, ಹ್ಯಾಂಡಿಕ್ಯಾಪ್ ಕಡಿಮೆ ಇರುವವರೇ ಗೆದ್ದಂತೆ ಎಂದು ತೀರ್ಮಾನಿಸಿದೆವು. ಹಿರಿಯರದೇ ಕಡಿಮೆ ಎಂಬುದು ಮೂವರಿಗೂ ಗೊತ್ತಿತ್ತು. ಹುಡುಗ ಕೈಕಟ್ಟಿ ನಿಂತು, "ಆಗಲಿ ಸಾರ್. ಆದರೆ ಹೋದ ತಿಂಗಳು ಹೀಗೇ ಆದಾಗ ನಾಣ್ಯ ಚಿಮ್ಮಿದ್ರಲ್ಲ?" ಎಂದ. ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಮುಂದಿನ ತಿಂಗಳಿಂದ ಬೋರ್ಡಿನ ಮೇಲೆ ಅವನ ಹೆಸರು ಕಾಣಲಿಲ್ಲ. ಅವನ ಜೊತೆ ಆಡುತ್ತಿದ್ದ ಮೂವರ ಹೆಸರೂ ನಿಧಾನವಾಗಿ ಮಾಯವಾಯಿತು.

ಗಾಲ್ಫಿನಲ್ಲಿ ನಿಯಮಗಳಿಗೆ ಬಡತನವಿಲ್ಲ. 1744ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ 13 ನಿಯಮಗಳನ್ನು ಬರೆದರು. ಬರೆದಿಟ್ಟ ಗಾಲ್ಫ್ ನಿಯಮಗಳಲ್ಲಿ ನಮಗೆ ಉಳಿದುಬಂದಿರುವ ಅತಿ ಹಳೆಯವು ಅವೇ. ಅವನ್ನು ಬರೆದದ್ದೂ ಒಂದು ಪಂದ್ಯಕ್ಕಾಗಿಯೇ ಎಂಬುದನ್ನು ಗಮನಿಸಬೇಕು. ಸ್ನೇಹಿತರು ತಮ್ಮಷ್ಟಕ್ಕೆ ಆಡುವಾಗ ಬಾಯಿಮಾತು ಸಾಕು. ಬಹುಮಾನ ಇಟ್ಟು ಹತ್ತು ಜನರನ್ನು ಕರೆದ ಮೇಲೆ ಬರವಣಿಗೆ ಬೇಕು. ಇಂದಿನ ನಿಯಮ ಪುಸ್ತಕ ಲೋಕಕ್ಕೆಲ್ಲ ಒಂದೇ. ಆದರೂ ಆ ಪುಸ್ತಕ ಅನೇಕ ವಿಷಯಗಳನ್ನು ಆಯಾ ಕ್ಲಬ್ಬಿನ ಸಮಿತಿಗೇ ಬಿಟ್ಟಿದೆ. ಯಾರು ಆಡಬಹುದು, ಎಷ್ಟು ವರ್ಗಗಳು, ಹೆಸರು ಕೊಡಲು ಕಡೆಯ ದಿನ ಯಾವುದು, ಸಮನಾದರೆ ಏನು, ಮಳೆ ಬಂದರೆ ಏನು, ಇವೆಲ್ಲ ಸಮಿತಿಯ ಹೊಣೆ. ಜೊತೆಗೆ ಸಮಿತಿಯ ತೀರ್ಪೇ ಅಂತಿಮ ಎಂದೂ ಹೇಳಿದೆ. ಅಂತಿಮ ತೀರ್ಪಿನ ಅಧಿಕಾರವಿರುವವನು ಆಟಕ್ಕೆ ಮೊದಲು ಬಾಯಿ ಬಿಡದೆ ಆಟ ಮುಗಿದ ಮೇಲೆ ಬಿಟ್ಟರೆ, ನ್ಯಾಯವನ್ನೇ ಹೇಳಿದರೂ ಅದು ನ್ಯಾಯವಾಗಿ ಕಾಣುವುದಿಲ್ಲ.

ಕಠಿಣವಾದ ನಿಯಮವನ್ನು ಜನ ಸಹಿಸುತ್ತಾರೆ. ಆಮೇಲೆ ಹುಟ್ಟಿದ ನಿಯಮವನ್ನು ಸಹಿಸುವುದಿಲ್ಲ. ಅಮೆರಿಕದ 1968ರ ಮಾಸ್ಟರ್ಸ್ ಪಂದ್ಯದಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ ಕೊನೆಯ ದಿನ ಹದಿನೇಳನೆಯ ಕುಳಿಯನ್ನು ಮೂರು ಹೊಡೆತಗಳಲ್ಲಿ ಮುಗಿಸಿದ. ಜೊತೆಗಾರ ಅಂಕಪಟ್ಟಿಯಲ್ಲಿ ನಾಲ್ಕು ಎಂದು ಬರೆದ. ಈತ ನೋಡದೆ ರುಜು ಹಾಕಿದ. ರುಜು ಹಾಕಿದ ಮೇಲೆ ಹೆಚ್ಚಾಗಿ ಬರೆದ ಅಂಕವೇ ಊರ್ಜಿತ ಎಂಬುದು ನಿಯಮ. ಆ ಒಂದು ಹೊಡೆತದಿಂದ ಸಮಬಲದ ಅವಕಾಶ ಹೋಗಿ ಪ್ರಶಸ್ತಿ ಬಾಬ್ ಗೋಲ್ಬಿಯ ಪಾಲಾಯಿತು. ಡಿ ವಿಸೆಂಜೊ ತನ್ನನ್ನೇ ಹಳಿದುಕೊಂಡನೇ ಹೊರತು ಸಮಿತಿಯನ್ನು ಹಳಿಯಲಿಲ್ಲ. ನಿಯಮ ಅವನಿಗೆ ಮೊದಲೇ ಗೊತ್ತಿತ್ತು. ನಮ್ಮ ಮಲ್ಲೇಶ್ವರದ ಹುಡುಗನಿಗೆ ಸಿಗದೇ ಹೋದದ್ದು ಇದೇ.

ಎರಡನೆಯ ಪೀಡೆ ಹ್ಯಾಂಡಿಕ್ಯಾಪಿನದು. ಆಡದವರಿಗಾಗಿ ಎರಡು ಮಾತು. ಹುಡುಗರ ಓಟದಲ್ಲಿ ಚಿಕ್ಕವನನ್ನು ಹತ್ತು ಹೆಜ್ಜೆ ಮುಂದೆ ನಿಲ್ಲಿಸುವಂತೆ, ಆಟ ಬಲಿಯದವನಿಗೆ ಇಂತಿಷ್ಟು ಹೊಡೆತಗಳ ರಿಯಾಯಿತಿ ಕೊಡುತ್ತಾರೆ. 18 ಹ್ಯಾಂಡಿಕ್ಯಾಪಿನವನು 90 ಹೊಡೆತಗಳಲ್ಲಿ ಮುಗಿಸಿದರೆ ಲೆಕ್ಕಕ್ಕೆ 72. 6 ಹ್ಯಾಂಡಿಕ್ಯಾಪಿನವನು 79ರಲ್ಲಿ ಮುಗಿಸಿದರೂ ಲೆಕ್ಕಕ್ಕೆ 73. ಗೆಲುವು ಮೊದಲನೆಯವನಿಗೆ. ಅಪ್ಪ ಮಗ, ಅನುಭವಿ ಹೊಸಬ, ಇವರೆಲ್ಲ ಸಮನಾಗಿ ಸೆಣಸುವ ಇಂಥ ಏರ್ಪಾಡು ಬೇರೆ ಆಟಗಳಲ್ಲಿ ಅಪರೂಪ. ಇದು ನಿಂತಿರುವುದು ಒಂದೇ ಒಂದರ ಮೇಲೆ: ಆಡಿದ್ದನ್ನೆಲ್ಲ ಆಡಿದಂತೆಯೇ ಬರೆದು ಒಪ್ಪಿಸುವುದು. ನಿಜವಾದ ಆಟ 14ರದು, ಇಟ್ಟುಕೊಂಡ ಹ್ಯಾಂಡಿಕ್ಯಾಪ್ 22 ಎಂದಾದರೆ ಆ ಮನುಷ್ಯ ಪ್ರತಿ ಪಂದ್ಯವನ್ನೂ ಎಂಟು ಹೊಡೆತ ಮುಂದಿನಿಂದ ಆರಂಭಿಸುತ್ತಾನೆ. ಅಡಿಕೆ ಮೂಟೆಗೆ ನೀರು ಚಿಮುಕಿಸಿ ತೂಕ ಏರಿಸುವುದಕ್ಕೂ ಇದಕ್ಕೂ ವ್ಯತ್ಯಾಸ ನನಗೆ ಕಾಣದು. ಚೀಲ ಹೊರುವ ಹಮಾಲಿಗೆ ಒದ್ದೆ ಅಡಿಕೆ ಗೊತ್ತಾಗುವಂತೆ ಚೀಲ ಹೊರುವ ಕ್ಯಾಡಿಗೂ ಇದು ಗೊತ್ತಾಗುತ್ತದೆ. ಸಮಿತಿಗೆ ಮಾತ್ರ ಕಡೆಗೆ ಗೊತ್ತಾಗುತ್ತದೆ, ಅಥವಾ ಗೊತ್ತಿದ್ದೂ ದಾಕ್ಷಿಣ್ಯ ಅಡ್ಡ ಬರುತ್ತದೆ.

ಈ ದಾಕ್ಷಿಣ್ಯಕ್ಕೆ ಈಗ ಮದ್ದಿದೆ. 2020ರಲ್ಲಿ ಜಾರಿಗೆ ಬಂದ ಜಾಗತಿಕ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಆಟಗಾರನ ಕೊನೆಯ 20 ಆಟಗಳಲ್ಲಿ ಉತ್ತಮವಾದ 8ರ ಸರಾಸರಿಯಿಂದ ಹ್ಯಾಂಡಿಕ್ಯಾಪ್ ಕಟ್ಟುತ್ತಾರೆ. ಬೇಕೆಂದೇ ಕೆಟ್ಟದಾಗಿ ಆಡಿದ ಆಟಗಳು ಉಳಿದ 12ರೊಳಗೆ ಬಿದ್ದುಹೋಗುತ್ತವೆ. ಹ್ಯಾಂಡಿಕ್ಯಾಪ್ ವರ್ಷದಲ್ಲಿ ಮನಬಂದಂತೆ ಏರುವ ಹಾಗಿಲ್ಲ. ಹನ್ನೆರಡು ತಿಂಗಳ ಕನಿಷ್ಠ ಮಟ್ಟಕ್ಕಿಂತ ಐದು ಹೊಡೆತಗಳಾಚೆಗೆ ಏರದಂತೆ ತಡೆ ಇದೆ. ತನ್ನ ಮಟ್ಟಕ್ಕಿಂತ ಏಳು ಅಥವಾ ಹೆಚ್ಚು ಹೊಡೆತಗಳಷ್ಟು ಚೆನ್ನಾಗಿ ಆಡಿದವನ ಹ್ಯಾಂಡಿಕ್ಯಾಪನ್ನು ತಾನಾಗಿಯೇ ಇನ್ನಷ್ಟು ಇಳಿಸುವ ಏರ್ಪಾಡೂ ಇದೆ. ಆದರೆ ಈ ಲೆಕ್ಕವೆಲ್ಲ ಒಪ್ಪಿಸಿದ ಅಂಕಪಟ್ಟಿಗಳ ಮೇಲೆ ನಡೆಯುವಂಥದು. ಪಟ್ಟಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋದವನನ್ನು ಯಾವ ಯಂತ್ರವೂ ಹಿಡಿಯಲಾರದು. ಅಲ್ಲಿ ಸಮಿತಿಯೇ ಬಾಯಿ ತೆರೆಯಬೇಕು.

ಹಾಗಾದರೆ ಬೋರ್ಡಿನ ಮೇಲೆ ಏನಿರಬೇಕು? ಅನುಭವದಿಂದ ಕೆಲವನ್ನು ಸೂಚಿಸುತ್ತೇನೆ.

1. ವರ್ಷದ ಎಲ್ಲ ಪಂದ್ಯಗಳ ದಿನಾಂಕ, ಬಗೆ, ಶುಲ್ಕ, ಹ್ಯಾಂಡಿಕ್ಯಾಪ್ ವರ್ಗಗಳು ವರ್ಷಾರಂಭದಲ್ಲೇ ಪ್ರಕಟವಾಗಬೇಕು. ಮೊದಲ ಚೆಂಡು ಎದ್ದ ಮೇಲೆ ಒಂದಕ್ಷರವನ್ನೂ ಬದಲಿಸಕೂಡದು.

2. ಇಂತಿಷ್ಟು ಅಂಕಪಟ್ಟಿಗಳನ್ನು ಒಪ್ಪಿಸದವರಿಗೆ ಬಹುಮಾನದ ಅರ್ಹತೆ ಇಲ್ಲ. ಆಡಲಿ, ಸಂತೋಷ, ಕಪ್ಪು ಮಾತ್ರ ಇಲ್ಲ.

3. ಸಮನಾದರೆ ಕೊನೆಯ ಒಂಬತ್ತು ಕುಳಿ, ಅಲ್ಲಿಯೂ ಸಮನಾದರೆ ಕೊನೆಯ ಆರು, ಮೂರು, ಕಡೆಗೆ ಹದಿನೆಂಟನೆಯದು, ಹೀಗೆ ಹಿಂದಿನಿಂದ ಎಣಿಸುವ ರೂಢಿ ಬಹಳ ಕಡೆ ಇದೆ. ನಿವ್ವಳ ಹೊಡೆತಗಳ ಪಂದ್ಯದಲ್ಲಿ ಒಂಬತ್ತಕ್ಕೆ ಹ್ಯಾಂಡಿಕ್ಯಾಪಿನ ಅರ್ಧ, ಆರಕ್ಕೆ ಮೂರನೆಯ ಒಂದು, ಮೂರಕ್ಕೆ ಆರನೆಯ ಒಂದು ಭಾಗ ಕಳೆಯುತ್ತಾರೆ. ನಾಣ್ಯವೇ ಚಿಮ್ಮುವುದಾದರೂ ಆದೀತು. ಪ್ರತಿ ತಿಂಗಳೂ ನಾಣ್ಯವೇ ಆಗಿರಲಿ.

4. ಹೊರಡುವ ಸಮಯಕ್ಕೆ ಐದು ನಿಮಿಷದೊಳಗೆ ತಡವಾದರೆ ಎರಡು ಹೊಡೆತಗಳ ದಂಡ, ಅದಕ್ಕೂ ಮೀರಿದರೆ ಅನರ್ಹತೆ. ಇದು ಪುಸ್ತಕದಲ್ಲೇ ಇದೆ. ಅಧ್ಯಕ್ಷರ ಕಾರು ತಡವಾದಾಗ ಇದನ್ನು ಮರೆಯುವುದೇ ನಮ್ಮ ರೋಗ.

5. ಬೆಂಗಳೂರಿನ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆ ಎಲ್ಲರಿಗೂ ಗೊತ್ತು. ಮಲೆನಾಡಿನ ಮಳೆಯನ್ನಂತೂ ಹೇಳಬೇಕಾಗಿಲ್ಲ. ಸಿಡಿಲಿನ ಎಚ್ಚರಿಕೆ ಮೊಳಗಿದರೆ ಕೂಡಲೇ ಆಟ ನಿಲ್ಲಬೇಕು. ಬಯಲಿನಲ್ಲಿ ಲೋಹದ ಕೋಲು ಹಿಡಿದು ನಿಂತವನಿಗೆ ಎರಡನೆಯ ಮಾತಿಲ್ಲ. ನಿಂತ ಆಟ ಮುಂದುವರಿಯುವುದೋ, ಮತ್ತೊಂದು ದಿನವೋ, ರದ್ದೋ ಎಂಬುದು ಮೊದಲೇ ಬರೆದಿರಲಿ. ಮೋಡ ಕಂಡ ಮೇಲೆ, ಯಾರು ಮುಂದಿದ್ದಾರೆಂದು ನೋಡಿ ತೀರ್ಮಾನಿಸಬಾರದು.

6. ತಾನು ಆಡಿದ ಪಂದ್ಯದ ವ್ಯಾಜ್ಯದಲ್ಲಿ ಸಮಿತಿಯ ಸದಸ್ಯನು ತೀರ್ಪಿಗೆ ಕೂರಬಾರದು. ತೀರ್ಪನ್ನು ಕಾರಣ ಸಹಿತ ಪುಸ್ತಕದಲ್ಲಿ ಬರೆಯಬೇಕು. ಮುಂದಿನ ಸಮಿತಿಗೆ ಅದೇ ದಾರಿದೀಪ.

"ಇದು ಸ್ನೇಹದ ಆಟ, ಕೋರ್ಟು ಕಚೇರಿಯಲ್ಲ" ಎಂದು ಹಿರಿಯರು ಅನ್ನುವುದುಂಟು. ಗಾಲ್ಫಿನಲ್ಲಿ ತೀರ್ಪುಗಾರ ಬೆನ್ನ ಹಿಂದೆ ಬರುವುದಿಲ್ಲ, ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವ ಸಜ್ಜನರ ಆಟ ಅದು ಎಂಬುದೂ ನಿಜ. 1925ರ ಅಮೆರಿಕನ್ ಓಪನ್‌ನಲ್ಲಿ ಬಾಬಿ ಜೋನ್ಸ್ ಬೇರೆ ಯಾರೂ ಕಾಣದ ತಪ್ಪಿಗೆ ತಾನೇ ಒಂದು ಹೊಡೆತದ ದಂಡ ಹಾಕಿಕೊಂಡ. ಪಂದ್ಯ ಸಮವಾಗಿ, ಮರುಪಂದ್ಯದಲ್ಲಿ ಸೋತ. ಆದರೆ ಜೋನ್ಸ್‌ನ ಪ್ರಾಮಾಣಿಕತೆ ಸಾಧ್ಯವಾದದ್ದೂ ಏನು ತಪ್ಪು, ಎಷ್ಟು ದಂಡ ಎಂಬುದು ಬರೆದಿದ್ದರಿಂದಲೇ ಅಲ್ಲವೇ? ಸ್ನೇಹವನ್ನು ಕೆಡಿಸುವುದು ಬರೆದ ನಿಯಮವಲ್ಲ. ಬರೆಯದ ನಿಯಮವನ್ನು ಬೇಕಾದವರಿಗೆ ಬೇಕಾದಂತೆ ಓದುವುದು ಸ್ನೇಹವನ್ನು ಕೆಡಿಸುತ್ತದೆ.

ನಮ್ಮ ಸಹಕಾರ ಸಂಘಗಳಿಗೆ ಇದು ಹೊಸ ಪಾಠವಲ್ಲ. 1959ರ ಸಹಕಾರ ಸಂಘಗಳ ಕಾಯಿದೆಯಡಿ ಉಪವಿಧಿಯಿಲ್ಲದೆ ಸಂಘವಿಲ್ಲ. ತಿದ್ದಬೇಕಾದರೆ ಸಾಮಾನ್ಯ ಸಭೆಯ ಮುಂದೆ ಬರಬೇಕು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ಕಟ್ಟುವಾಗ ಮೂಟೆ ಯಾರದೆಂದು ನೋಡಿ ಕಟ್ಟಿದರೆ ನಾವು ಸುಮ್ಮನಿರುತ್ತೇವೆಯೇ? ಸಂಘದಲ್ಲಿ ಹೀಗೆ ಎಚ್ಚರವಾಗಿರುವ ನಾವೇ ಸಂಜೆ ಕ್ಲಬ್ಬಿಗೆ ಹೋದಾಗ ಮಾತ್ರ "ಇರಲಿ ಬಿಡಿ" ಎನ್ನುತ್ತೇವೆ.

ಕಳೆದ ಕಾರ್ತಿಕದಲ್ಲಿ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿ ಅದೇ ಹುಡುಗ ಸಿಕ್ಕ. ಈಗ ಅವನಿಗೂ ತಲೆ ನರೆತಿದೆ. "ಏನಪ್ಪಾ, ಆಟ ಬಿಟ್ಟೇ ಬಿಟ್ಟೆಯಾ?" ಎಂದೆ. ಶಟಲ್ ಆಡುತ್ತೇನೆಂದ. ಪ್ರಕಾಶ್ ಪಡುಕೋಣೆ ಚಿಕ್ಕಂದಿನಲ್ಲಿ ಆಡಿ ಬೆಳೆದ ಕೆನರಾ ಯೂನಿಯನ್ ಸಭಾಂಗಣವೂ ಅದೇ ಮಲ್ಲೇಶ್ವರದಲ್ಲಿದೆ. ಪ್ರಕಾಶರೂ 1962ರಲ್ಲಿ ತಮ್ಮ ಮೊದಲ ರಾಜ್ಯ ಕಿರಿಯರ ಪಂದ್ಯದಲ್ಲಿ ಮೊದಲ ಸುತ್ತಿನಲ್ಲೇ ಸೋತವರು; 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಸೋತವನು ಮತ್ತೆ ಬಂದರೆ ಆಟ ಬೆಳೆಯುತ್ತದೆ. ನಾನು ಹಳೆಯ ಮಾತೆತ್ತಿ ತಪ್ಪಾಯಿತೆಂದೆ. ಅವನು ನಕ್ಕು, "ಸೋತಿದ್ದಕ್ಕೆ ಬೇಜಾರಿರಲಿಲ್ಲ ಸಾರ್. ಯಾವ ಲೆಕ್ಕದಲ್ಲಿ ಸೋತೆ ಅಂತ ಗೊತ್ತಾಗಲಿಲ್ಲ, ಅಷ್ಟೇ" ಎಂದ.

ಆ ಕಪ್ಪು ಇಂದಿಗೂ ಕ್ಲಬ್ಬಿನ ಗಾಜಿನ ಬೀರುವಿನಲ್ಲಿದೆ. ಅದಕ್ಕಾಗಿ ಆಡುವವರು ಮಾತ್ರ ಕಡಿಮೆಯಾಗಿದ್ದಾರೆ. ಈ ವರ್ಷ ಪಂದ್ಯ ಸಮಿತಿಗಳಲ್ಲಿ ಕೂರಲಿರುವ ನಮ್ಮ ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಮೊದಲು ಬರೆಯಿರಿ, ಬೋರ್ಡಿಗೆ ಹಚ್ಚಿರಿ, ಆಮೇಲೆ ಆಡಿಸಿರಿ.

— ಸಂಘದ ಹಿರಿಯ ಸದಸ್ಯರೊಬ್ಬರು