ಮಾಡುವವನೂ ಮಾಡಿಸುವವನೂ

ಕೈಕೆಲಸದಿಂದ ಮೇಲ್ವಿಚಾರಣೆಗೆ ಏರಿದವನು ಕೆಲಸದಿಂದಲೇ ಬಿಡುಗಡೆ ಹೊಂದಿದನೆಂಬ ಭಾವನೆಯು ವಿದ್ಯಾವಂತರ ಮನೆಗಳಲ್ಲಿ ಬಲವಾಗಿ ಬೇರೂರಿರುವುದು. ಫಳ್ನೀರಿನಲ್ಲಾಗಲಿ ಬೇರೆಡೆಯಲ್ಲಾಗಲಿ, ಮಗನು ಮ್ಯಾನೇಜರನಾದನೆಂದರೆ ಹಿರಿಯರು ಹಿಗ್ಗುವರು. ಅವನು ಯಾವ ಕೆಲಸವನ್ನು ಬಲ್ಲನೆಂದು ಕೇಳುವವರು ವಿರಳ. ಈ ಭಾವನೆಯು ತಪ್ಪು ಮಾತ್ರವಲ್ಲ, ಉದ್ಯಮಗಳಿಗೆ ಹಾನಿಕರವೂ ಅಹುದು.

ವ್ಯಾಕರಣವನ್ನೇ ನೋಡಬಹುದು. ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆಂದು ಕರೆದ ಪಾಣಿನಿಯು, ಅವನನ್ನು ಪ್ರೇರಿಸುವವನಿಗೂ ಅದೇ ಹೆಸರನ್ನು ಕೊಟ್ಟನು. ಒಬ್ಬನು ಪ್ರಯೋಜಕ, ಇನ್ನೊಬ್ಬನು ಪ್ರಯೋಜ್ಯ, ಇಬ್ಬರೂ ಕರ್ತೃಗಳೇ. ಕನ್ನಡದಲ್ಲಿ ‘ಮಾಡು’ ಎಂಬುದಕ್ಕೆ ‘ಇಸು’ ಸೇರಿ ‘ಮಾಡಿಸು’ ಎಂದಾಗುವುದು. ಉಕಾರವು ಲೋಪವಾದರೂ ಧಾತುವು ಒಳಗೆ ಉಳಿದೇ ಇರುವುದು. ಧಾತುವಿಲ್ಲದ ಬರಿಯ ‘ಇಸು’ವಿಗೆ ಅರ್ಥವೇನು? ಕೆಲಸವನ್ನರಿಯದ ಮೇಲ್ವಿಚಾರಕನು ಅಂತಹ ಪ್ರತ್ಯಯಮಾತ್ರನು.

ಫಳ್ನೀರಿಗೆ ಸಮೀಪದ ಜೆಪ್ಪುವಿನ ಚರಿತ್ರೆಯು ಇದಕ್ಕೆ ಸಾಕ್ಷಿ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟರು ನೇತ್ರಾವತಿಯ ದಡದ ಜೇಡಿಮಣ್ಣನ್ನು ಪರೀಕ್ಷಿಸಿ, ೧೮೬೫ರಲ್ಲಿ ಅಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದಕ್ಕೂ ಮುಂಚೆ, ೧೮೫೧ರಲ್ಲಿ ಬಂದು ಮಿಷನ್ನಿನ ನೇಯ್ಗೆಯನ್ನು ನಡೆಯಿಸಿದ ಹಾಲರರು ಸ್ವತಃ ನೇಯ್ಗೆ ಕಲಿತವರು. ಮಣ್ಣು ಎಷ್ಟು ಹದವಾದರೆ ಅಚ್ಚಿಗೆ ಸಲ್ಲುವುದು, ಮಳೆಗಾಲದ ತೇವದಲ್ಲಿ ಹಸಿಹಂಚು ಎಷ್ಟು ಆರಬೇಕು, ಆವಿಗೆಯ ಬೆಂಕಿ ಯಾವಾಗ ಸಾಕು—ಇವೆಲ್ಲ ಲೆಕ್ಕದ ಪುಸ್ತಕದಿಂದ ತಿಳಿಯತಕ್ಕವಲ್ಲ. ಬೆಂದ ಹಂಚನ್ನು ಬಡಿದು, ನಾದದಿಂದಲೇ ಬಿರುಕನ್ನರಿಯುವ ಕಿವಿ ಬೇಕು.

“ಕುಶಲನಾದ ಕೆಲಸಗಾರನು ಆಡಳಿತವನ್ನರಿಯನು, ಸರೀಕರ ಮೇಲೆ ಅಧಿಕಾರ ನಡೆಯಿಸಲಾರನು” ಎಂದು ಆಕ್ಷೇಪಿಸುವವರುಂಟು. ಇದರಲ್ಲಿ ಅರ್ಧ ಸತ್ಯವಿದೆ. ನಿನ್ನೆ ಜತೆಯಲ್ಲಿ ಮಣ್ಣು ಹೊತ್ತವನಿಗೆ ಇಂದು ತಪ್ಪನ್ನು ತೋರಿಸುವುದು ಕಷ್ಟವೇ. ಆದರೆ ಲೆಕ್ಕಪತ್ರವನ್ನೂ ಕಾರ್ಮಿಕ ಕಾಯಿದೆಯನ್ನೂ ಮಾತಿನ ನಯವನ್ನೂ ಕೆಲವು ತಿಂಗಳುಗಳಲ್ಲಿ ಕಲಿಸಬಹುದು. ಇಪ್ಪತ್ತು ವರ್ಷಗಳ ಕೈಹದವನ್ನು ಯಾವ ಪದವಿಯು ಕೊಟ್ಟೀತು? ಏನನ್ನೂ ಕಲಿಸದೆ ಕುರ್ಚಿಯಲ್ಲಿ ಕುಳ್ಳಿರಿಸಿ, ಎಡವಿದಾಗ ಅವನ ಹುಟ್ಟನ್ನೋ ಓದನ್ನೋ ಹಳಿಯುವುದು ಅನ್ಯಾಯ.

ಇದಕ್ಕಿಂತ ದೊಡ್ಡ ಅನ್ಯಾಯವು ಸಂಬಳದ ಏರ್ಪಾಡಿನಲ್ಲಿದೆ. ಹೆಚ್ಚಿನ ವೇತನ ಬೇಕಾದರೆ ಕೈಕೆಲಸವನ್ನು ಬಿಡಲೇಬೇಕು! ಇದರಿಂದ ಒಳ್ಳೆಯ ಕೆಲಸಗಾರನೊಬ್ಬನು ನಷ್ಟವಾಗಿ, ಮನಸ್ಸಿಲ್ಲದ ಗುಮಾಸ್ತನೊಬ್ಬನು ಲಭಿಸುವನು. ಕೈಕೆಸರು ಒಬ್ಬನಿಗೆ, ಬಾಯಿಮೊಸರು ಇನ್ನೊಬ್ಬನಿಗೆ ಎಂದಾದಲ್ಲಿ ಕೆಸರಿಗಿಳಿಯುವವರಾರು?

ಕಾಂಕ್ರೀಟಿನ ತಾರಸಿಗಳು ಹರಡಿದ ಮೇಲೆ ಹಲವು ಹಂಚಿನ ಕಾರ್ಖಾನೆಗಳು ಮುಚ್ಚಿದುವು. ಪ್ರಶ್ನೆಯು ಮಾತ್ರ ಮುಚ್ಚಿಲ್ಲ. ಆಸ್ಪತ್ರೆಯ ದಾದಿಯು ಮೇಲ್ವಿಚಾರಕಿಯಾಗುವಾಗಲೂ ಹೋಟೆಲಿನ ಅಡಿಗೆಯವನು ಯಜಮಾನಿಕೆಗೆ ಬರುವಾಗಲೂ ಅದೇ ಪ್ರಶ್ನೆ. ಯಕ್ಷಗಾನದ ಭಾಗವತನು ಇಡೀ ಮೇಳವನ್ನು ಕುಣಿಸುವನು. ಜಾಗಟೆಯನ್ನು ಮಾತ್ರ ಕೆಳಗಿಡನು. ಅದೇ ಮೇಲ್ಪಂಕ್ತಿಯಾಗಲಿ. ಆಡಳಿತಕ್ಕೆ ಬರುವ ಪದವೀಧರನು ಮೊದಲು ಒಂದು ವರ್ಷ ಕೈಯಾರೆ ದುಡಿಯಲಿ. ಏರುವ ಕೆಲಸಗಾರನಿಗೆ ಆಡಳಿತವನ್ನು ಕಲಿಸಲಿ. ಏರಲೊಲ್ಲದ ಕುಶಲನಿಗೆ ಮೇಲ್ವಿಚಾರಕನಷ್ಟೇ ವೇತನವೂ ಮರ್ಯಾದೆಯೂ ಸಲ್ಲಲಿ. ಮನೆಯ ಹಿರಿಯರಾದರೋ, ಮಗನ ಹುದ್ದೆಯನ್ನು ಹೇಳಿಕೊಳ್ಳುವ ಮೊದಲು ಅವನ ಕೆಲಸವನ್ನು ಕೇಳಿ ತಿಳಿಯಲಿ.