ಹಬ್ಬದ ಎಲೆಯ ಸುತ್ತ

ದೀಪಾವಳಿಯ ಊಟಕ್ಕೆ ಎಲೆ ಹಾಕುವ ಮೊದಲು ಅದರ ಸುತ್ತ ರಂಗೋಲಿಯ ಒಂದೆಳೆ ಬಿಡಿಸುವ ರೂಢಿ ಕನ್ನಡ ನಾಡಿನಲ್ಲಿ ಹಳೆಯದು. ಪಂಕ್ತಿಯು ನೆಲದಿಂದ ಮೇಜಿಗೆ ಏರಿದ ಮನೆಗಳಲ್ಲಿ ಈ ಎಳೆ ಮಾಯವಾಗಿ ಮಿನುಗು ಕಾಗದ, ಪ್ಲಾಸ್ಟಿಕ್ ಹೂವು, ಅಂಗಡಿಯ ಬಣ್ಣದ ಪುಡಿ ಬಂದು ಕುಳಿತಿವೆ. ನೋಡಲು ಚೆಂದವೇ. ಆದರೆ ದೇವರ ಮಂಟಪದ ಅಲಂಕಾರ ಬೇರೆ, ಊಟದ ಮೇಜಿನ ಅಲಂಕಾರ ಬೇರೆ. ಇಲ್ಲಿ ಪಕ್ಕದಲ್ಲೇ ಅನ್ನವಿರುತ್ತದೆ, ಅದನ್ನು ಕೈಯಿಂದ ಉಣ್ಣುತ್ತಾರೆ, ಪಂಕ್ತಿಯ ಕೊನೆಯಲ್ಲಿ ಎರಡು ವರ್ಷದ ಕೂಸೊಂದು ಕುಳಿತಿರುತ್ತದೆ. ಕೈಗೆ ಸಿಕ್ಕಿದ್ದೆಲ್ಲ ಅದರ ಬಾಯಿಗೇ.

ಮೊದಲು ರಂಗೋಲಿ. ಪೇಟೆಯ ರಂಗೋಲಿ ಪುಡಿ ಎಂದರೆ ಕಲ್ಲಿನ ಪುಡಿ. ಅಂಗಳಕ್ಕೆ ಸರಿ, ಎಲೆಯ ಅಂಚಿಗೆ ಬೇಡ. ಅಕ್ಕಿ ಹಿಟ್ಟು ಇದ್ದೇ ಇದೆ. ಒಣ ಹಿಟ್ಟು ಫ್ಯಾನಿನ ಗಾಳಿಗೆ ಹಾರುವುದರಿಂದ ಅದನ್ನು ನೀರಿನಲ್ಲಿ ದೋಸೆ ಹಿಟ್ಟಿಗಿಂತ ತುಸು ತೆಳ್ಳಗೆ ಕಲಸಿ, ಬಟ್ಟೆಯ ಚೂರನ್ನು ಅದ್ದಿ ಬೆರಳಿನಿಂದ ಎಳೆಯಬೇಕು. ಒಣಗಿದ ಮೇಲೆ ಎಳೆ ಬೆಳ್ಳಗಾಗಿ ಅಲ್ಲೇ ಹಿಡಿದುಕೊಳ್ಳುತ್ತದೆ. ಊಟವಾದ ನಂತರ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಬಣ್ಣವೂ ಅಡುಗೆಮನೆಯಲ್ಲೇ ಇದೆ. ಈ ಹಿಟ್ಟಿಗೆ ಅರಿಸಿನ ಬೆರೆಸಿದರೆ ಹಳದಿ. ಅದಕ್ಕೇ ಎಲೆ ಅಡಿಕೆಯ ಸುಣ್ಣವನ್ನು ಕಡಲೆಕಾಳಿನಷ್ಟು ಸೇರಿಸಿ ಕದಡಿದರೆ ಕ್ಷಣದಲ್ಲಿ ಕೆಂಪು! ಆರತಿ ತಟ್ಟೆಯ ಕೆಂಪು ನೀರಿನ ಗುಟ್ಟೂ ಇದೇ. ಅರಿಸಿನದಲ್ಲಿರುವ ಕುರ್ಕುಮಿನ್ ಎಂಬ ವಸ್ತು ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಆಮ್ಲ ತಗುಲಿದರೆ ಹಳದಿಗೆ ಮರಳುತ್ತದೆ. ಆದ್ದರಿಂದ ಕೋಸಂಬರಿಗೆ ನಿಂಬೆಹಣ್ಣು ಹಿಂಡುವಾಗ ಒಂದು ಹನಿ ಈ ಕೆಂಪಿನ ಮೇಲೆ ಸಿಡಿದರೆ ಅಲ್ಲೊಂದು ಹಳದಿ ಚುಕ್ಕೆ ಮೂಡುತ್ತದೆ. ಶಾಲೆಯಲ್ಲಿ ಲಿಟ್ಮಸ್ ಕಾಗದಕ್ಕಾಗಿ ಕಾಯುವ ಮಕ್ಕಳಿಗೆ ಇದನ್ನು ತೋರಿಸದೆ ಇರಬಾರದು. ನೀಲಿ ಬೇಕಾದರೆ ಶಂಖಪುಷ್ಪದ ದಳಗಳನ್ನು ಬಿಸಿನೀರಿನಲ್ಲಿ ನೆನೆಸಿ ಆ ನೀರಿನಲ್ಲಿ ಹಿಟ್ಟು ಕಲಸಬಹುದು. ಸುಣ್ಣದ ಡಬ್ಬಿ ಮಾತ್ರ ದೊಡ್ಡವರ ಕೈಯಲ್ಲಿರಲಿ, ಕಣ್ಣಿಗೆ ಬಿದ್ದರೆ ಅಪಾಯ. ಅರಿಸಿನದ ಕಲೆ ಮರದ ಮೇಜಿಗೆ ಹಿಡಿಯುವುದರಿಂದ ಬಣ್ಣದ ಎಳೆಗಳನ್ನು ಬಾಳೆ ಎಲೆಯ ಪಟ್ಟಿಗಳ ಮೇಲೆ ಬಿಡಿಸಿ, ಆ ಪಟ್ಟಿಗಳನ್ನು ಮೇಜಿನ ನಡುವೆ ಹಾಸಿದರಾಯಿತು. ಪೇಟೆಯ ಸಿಂಧೂರವನ್ನಂತೂ ಎಲೆಯ ಹತ್ತಿರ ತರಲೇಬಾರದು. ಕೆಲವು ಸಿಂಧೂರಗಳಲ್ಲಿ ಸೀಸ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಹೂವಿನ ಮಾತು. ಈ ಕಾಲಕ್ಕೆ ಚೆಂಡು ಹೂವು, ಸೇವಂತಿಗೆ ಧಾರಾಳ. ತೊಟ್ಟನ್ನು ನೀರಿನೊಳಗೆ ಮುಳುಗಿಸಿಯೇ ಓರೆಯಾಗಿ ಕತ್ತರಿಸಬೇಕು. ಹೊರಗೆ ಕತ್ತರಿಸಿದರೆ ನೀರು ಏರುವ ನಾಳಗಳಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡು ಹೂವು ಬೇಗ ಬಾಡುತ್ತದೆ. ಬಿಳಿ ಸೇವಂತಿಗೆಯ ತೊಟ್ಟನ್ನು ಹಿಂದಿನ ರಾತ್ರಿ ಅಡುಗೆ ಬಣ್ಣ ಕದಡಿದ ನೀರಿನಲ್ಲಿ ನಿಲ್ಲಿಸಿದರೆ ಬೆಳಿಗ್ಗೆಗೆ ದಳಗಳ ತುದಿಗೆ ಬಣ್ಣ ಏರಿರುತ್ತದೆ. ತೊಟ್ಟನ್ನು ಉದ್ದಕ್ಕೆ ಸೀಳಿ ಎರಡು ಲೋಟಗಳಲ್ಲಿ ಇಳಿಬಿಟ್ಟರೆ ಒಂದೇ ಹೂವಿನಲ್ಲಿ ಎರಡು ಬಣ್ಣ. ಆದರೆ ಪೇಟೆಯ ಹೂವಿಗೆ ಕೀಟನಾಶಕ ಸಿಂಪಡಿಸಿರುವುದುಂಟು. ಮೊಸರನ್ನ, ಪಾಯಸದ ಮೇಲೆ ಅದರ ದಳ ಉದುರಿಸುವ ಹೊಸ ಶೋಕಿ ಬೇಡ.

ಕಣಗಿಲೆಯ ವಿಷಯ ಇನ್ನೂ ಗಂಭೀರ. ಕೆಂಪು, ಬಿಳಿ, ಹಳದಿ ಯಾವುದೇ ಇರಲಿ, ಅದರ ಹೂವು, ಎಲೆ, ಬೀಜ, ಹಾಲು ಎಲ್ಲವೂ ವಿಷ. ಹೃದಯದ ಬಡಿತವನ್ನೇ ಏರುಪೇರು ಮಾಡುವಂಥದ್ದು. ಕೊಂಬೆ ಇಟ್ಟ ಪಾತ್ರೆಯ ನೀರನ್ನೂ ನಂಬುವಂತಿಲ್ಲ. ದೇವರ ಮುಡಿಯಲ್ಲಿ ಇರಲಿ, ಊಟದ ಮೇಜಿಗೆ ಸರ್ವಥಾ ಬೇಡ.

ದೀಪಾವಳಿ ಎಂದ ಮೇಲೆ ದೀಪವಿಲ್ಲದೆ ಹೇಗೆ? ಬಾಗಿಲಿಗೆ ಕಟ್ಟಲು ತಂದ ಬಾಳೆಕಂದಿನ ಹೊರಪಟ್ಟೆಯನ್ನು ಗೇಣುದ್ದ ಕತ್ತರಿಸಿದರೆ ಅದೇ ದೋಣಿ. ಕತ್ತರಿಸಿದ ಅಂಚನ್ನು ನೋಡಿದರೆ ಜೇನುಗೂಡಿನಂತೆ ಗಾಳಿ ತುಂಬಿದ ಕೋಣೆಗಳು ಕಾಣುತ್ತವೆ. ತೇಲುವುದು ಅವುಗಳಿಂದಲೇ. ಚಿತ್ರಾನ್ನಕ್ಕೆ ಹಿಂಡಿದ ನಿಂಬೆಯ ಹೋಳನ್ನು ಒಳಹೊರಗು ಮಾಡಿ, ಎಣ್ಣೆ ಬತ್ತಿ ಹಾಕಿ ಈ ದೋಣಿಯಲ್ಲಿ ಕೂರಿಸಿ ಅಗಲವಾದ ಹಿತ್ತಾಳೆ ಪಾತ್ರೆಯ ನೀರಿನಲ್ಲಿ ಬಿಟ್ಟರೆ ಮೇಜಿನ ನಡುವೆ ಒಂದು ಪುಟ್ಟ ತೆಪ್ಪೋತ್ಸವ.

ಈ ದೀಪದ ಹತ್ತಿರ ಥರ್ಮೋಕೋಲ್ ಇರಕೂಡದು. ಕಿಡಿ ತಗುಲಿದರೆ ಕರಗಿ, ಕಪ್ಪು ಹೊಗೆ ಕಾರುತ್ತ ಉರಿಯುತ್ತದೆ. ಹಳೆಯ ತುಂಡು ಮನೆಯಲ್ಲಿದ್ದರೆ ಕಿತ್ತಳೆ ಸಿಪ್ಪೆಯನ್ನು ಅದರ ಮೇಲೆ ಹಿಂಡಿ ನೋಡಿ. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಅದನ್ನು ಕರಗಿಸಿ ಗುಳಿ ಬೀಳಿಸುತ್ತದೆ. ಅಲಂಕಾರದ ಥರ್ಮೋಕೋಲನ್ನು ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ಕರ್ನಾಟಕ 2016ರಲ್ಲೇ ನಿಷೇಧ ಹೇರಿತ್ತು. ಆದರೂ ಬಾಳೆ ಎಲೆಯ ಚಿತ್ರ ಅಚ್ಚಾದ ಹಾಳೆಯ ಮೇಲೆ ಕುದಿಯುವ ಸಾರು ಬಡಿಸುವವರು ಇದ್ದಾರೆ!

ಕೊನೆಗೆ ಅಳತೆ. ನಡುವಿನ ಅಲಂಕಾರ ಒಂದು ಗೇಣಿಗಿಂತ ಎತ್ತರವಾದರೆ ಎದುರು ಕುಳಿತವರ ಮುಖ ಕಾಣದು. ಎಲೆಯ ತುದಿಯಿಂದ ಮೊದಲ ಎಳೆಗೆ ನಾಲ್ಕು ಬೆರಳು ಜಾಗವಿರಲಿ, ಇಲ್ಲದಿದ್ದರೆ ಸಾರು ಹರಿದು ರಂಗೋಲಿಯನ್ನು ಸೇರುತ್ತದೆ. ಬಡಿಸುವವರು ಬಗ್ಗುವ ಕಡೆ ದೀಪ ಇಡಬಾರದು. ಸೆರಗು, ಪಂಚೆಯ ಅಂಚು ತಗುಲುವುದು ಅಲ್ಲೇ.